ಊರಿಗೆ ಬಂದ ತಗಡಣ್ಣ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಉರ್ವದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸಂಜೆ ಗೆಳೆಯರ ಜೊತೆ ತುಳು ನಾಟಕದ ಅಭ್ಯಾಸ, ತಿಂಗಳಿಗೆ ಒಂದೆರಡು ಸಲ ಹಂಪನಕಟ್ಟೆಯ ಕಡೆಗೆ ಹೋಗಿ ಇಂಗ್ಲಿಷ್ ಸಿನಿಮಾ. ಹಾಗೆ ಹೋದ ಒಂದು ಭಾನುವಾರ ದೊಡ್ಡ ಚಿತ್ರಕ್ಕೆ ಮೊದಲು ಏಳೆಂಟು ನಿಮಿಷದ ಒಂದು ಕಾರ್ಟೂನು ತೋರಿಸಿದರು. ದೊಡ್ಡ ಚಿತ್ರದ ಕತೆ ಏನೆಂದು ಈಗ ಕೇಳಿದರೆ ಹೇಳಲಾರೆ. ಕಾರ್ಟೂನು ಮಾತ್ರ ಗೆರೆಗೆರೆಯೂ ನೆನಪಿದೆ.

ಅದು ಮುಂದೆಂದೋ ಬರಲಿರುವ ಕಾಲದ ಕತೆ. ಮನೆಗಳೆಲ್ಲ ಆಕಾಶದಲ್ಲಿ ತೇಲುತ್ತಿರುತ್ತವೆ. ಒಬ್ಬ ಬೋಳುತಲೆಯ ವಿಜ್ಞಾನಿ ಮನೆಗೆಲಸಕ್ಕೆಂದು ಕಬ್ಬಿಣದ ಮನುಷ್ಯನೊಬ್ಬನನ್ನು ಮಾಡುತ್ತಾನೆ. ಏನು ಹೇಳಿದರೂ ಆ ಕಬ್ಬಿಣದವನು ತಲೆಯನ್ನು ಒಂದು ಬದಿಗೆ ಓರೆ ಮಾಡಿ, ತನ್ನ ಎದೆಗೆ ತಾನೇ ಮೂರು ಸಲ ಬಡಿದುಕೊಂಡು, ಓಡಿ ಹೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಬಿಡುತ್ತಾನೆ. ಗಿಡಕ್ಕೆ ನೀರು ಹಾಕು ಎಂದರೆ ಸಮುದ್ರವನ್ನೇ ಎತ್ತಿ ತಂದು ಹಾಕುತ್ತಾನೆ. ಕಸ ತೆಗೆ ಎಂದರೆ ಮನೆಯ ಮೇಲಿನ ಮಾಡನ್ನೂ ತೆಗೆಯುತ್ತಾನೆ. ಕೊನೆಗೆ ವಿಜ್ಞಾನಿಯನ್ನೇ ಪೆಟ್ಟಿಗೆಯಲ್ಲಿ ತುಂಬಿ ಚಂದ್ರನಿಗೆ ಕಳಿಸುತ್ತಾನೆ. ಥಿಯೇಟರಿನಲ್ಲಿ ನಕ್ಕು ನಕ್ಕು ಕುರ್ಚಿಯಿಂದ ಕೆಳಗೆ ಬಿದ್ದವರಿದ್ದರು.

ಅವನಿಗೆ 'ತಗಡಣ್ಣ' ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಎರಡು ವಾರದೊಳಗೆ ಆ ಹೆಸರು ಊರಿಡೀ ಹಬ್ಬಿತು. ಸಿಟಿ ಬಸ್ಸಿನ ಕಂಡಕ್ಟರುಗಳು ಬಸ್ಸಿನ ಮೈಗೆ ಮೂರು ಸಲ ಬಡಿದು ತಲೆ ಓರೆ ಮಾಡತೊಡಗಿದರು. ಬಂದರಿನಲ್ಲಿ ಮೂಟೆ ಹೊರುವವರು ಸಾಹುಕಾರ ಕೂಗಿದ ಕೂಡಲೇ ಎದೆಗೆ ಬಡಿದುಕೊಂಡು ಏಳುತ್ತಿದ್ದರು. ಉರ್ವ ಮಾರ್ಕೆಟಿನ ಟೈಲರೊಬ್ಬ 'ತಗಡಣ್ಣನಿಗೂ ಅಳತೆ ಪ್ರಕಾರ ಹೊಲಿದು ಕೊಡಲಾಗುವುದು' ಎಂದು ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದ. ಚುನಾವಣಾ ಭಾಷಣವೊಂದರಲ್ಲಿ ಎದುರು ಪಕ್ಷದವನನ್ನು ತಗಡಣ್ಣ ಎಂದದ್ದಕ್ಕೆ ಸಭೆಯಲ್ಲಿ ಜಗಳವೇ ಆಯಿತು. ಆ ವರ್ಷದ ದಸರೆಯಲ್ಲಿ ಹುಲಿವೇಷಗಳ ನಡುವೆ ಒಬ್ಬ ಸೀಮೆಎಣ್ಣೆಯ ಡಬ್ಬಗಳನ್ನು ಬಿಚ್ಚಿ ಮೈಗೆ ಕಟ್ಟಿಕೊಂಡು ಕುಣಿದ. ಕಾರ್ಟೂನು ನೋಡಿದವರು ಊರಿನಲ್ಲಿ ಸಾವಿರ ಜನ ಇರಲಿಕ್ಕಿಲ್ಲ. ನೋಡದೆಯೇ ಅದನ್ನು ಬಲ್ಲವರು ಎಲ್ಲರೂ.

ನಾನೂ ಸುಮ್ಮನಿರಲಿಲ್ಲ. ನಮ್ಮ ತಂಡದ ಹೊಸ ನಾಟಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಒಬ್ಬ ತಗಡಣ್ಣ ಬೇಕು ಎಂದು ಎಲ್ಲರ ಒತ್ತಾಯ. ಅವನನ್ನು ಏನು ಮಾಡಿಸುವುದೆಂದು ಯೋಚಿಸುತ್ತಿದ್ದಾಗ ನನ್ನ ಕಣ್ಣೆದುರಿಗೆ ಬಂದದ್ದು ನನ್ನ ಅಪ್ಪ.

ಅಪ್ಪ ಫಳ್ನೀರಿನಲ್ಲಿ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಂಪೌಂಡರ್. ನಮ್ಮದು ಪೂಜೆಯ ಮನೆತನ. ದೇವಸ್ಥಾನದ ಕೆಲಸ ದೊಡ್ಡಪ್ಪನಿಗೆ ಹೋಯಿತು, ಅಪ್ಪ ಮದ್ದಿನ ಬಾಟಲಿಗಳ ನಡುವೆ ಉಳಿದರು. ಎಡಗಣ್ಣು ಮಂಜಾಗಿದ್ದರಿಂದ ಡಾಕ್ಟರರ ಚೀಟಿಯನ್ನು ಓದುವಾಗ ತಲೆಯನ್ನು ಒಂದು ಬದಿಗೆ ವಾಲಿಸುತ್ತಿದ್ದರು. ಮದ್ದು ತುಂಬಿಸಿ ಬೆರಳಿನ ಉಂಗುರದಿಂದ ಬಾಟಲಿಗೆ ಟಣ್, ಟಣ್, ಟಣ್ ಎಂದು ಮೂರು ಸಲ ತಟ್ಟಿ, ಆಮೇಲೆಯೇ ರೋಗಿಯ ಕೈಗೆ ಕೊಡುತ್ತಿದ್ದರು. ನಾನು ಚಿಕ್ಕಂದಿನಿಂದ ನೋಡಿದ್ದು. ಅದೊಂದು ಅಭ್ಯಾಸ ಎಂದಷ್ಟೇ ತಿಳಿದಿದ್ದೆ. ನಾಟಕದಲ್ಲಿ ಒಂದು ದವಾಖಾನೆ ಇಟ್ಟೆ, ಕಂಪೌಂಡರ್ ತಗಡಣ್ಣನನ್ನು ಇಟ್ಟೆ, ಅವನ ಕೈಗೆ ಬಾಟಲಿ ಕೊಟ್ಟೆ. ಬರೆಯುವಾಗ ಒಬ್ಬನೇ ನಕ್ಕಿದ್ದೆ.

ಡಿಸೆಂಬರಿನ ಒಂದು ಸಂಜೆ ಶಾಲೆಯ ಸಭಾಂಗಣದಲ್ಲಿ ನಾಟಕದ ಮೊದಲ ಆಟ ಆಯಿತು. ತಗಡಣ್ಣನ ಪಾತ್ರ ಮಾಡಿದವನು ನನ್ನ ಗೆಳೆಯ, ಅಂಚೆ ಕಚೇರಿಯಲ್ಲಿ ಗುಮಾಸ್ತ. ಅವನು ತಲೆ ವಾಲಿಸಿ ಬಾಟಲಿಗೆ ಮೂರು ಸಲ ತಟ್ಟಿದಾಗ ಮೊದಲು ಅಲ್ಲೊಂದು ಇಲ್ಲೊಂದು ನಗು ಕೇಳಿತು. ಹಿಂದಿನ ಸಾಲಿನಿಂದ ಯಾರೋ "ಫಳ್ನೀರಿನ ಕಂಪೌಂಡರ್!" ಎಂದು ಕೂಗಿದರು. ಮಾಡು ಹಾರಿಹೋಗುವ ಹಾಗೆ ಜನ ನಕ್ಕರು. ಪರದೆಯ ಬದಿಯಲ್ಲಿ ನಿಂತಿದ್ದ ನಾನು ಇನ್ನಷ್ಟು ಹಿಂದಕ್ಕೆ ಸರಿದೆ. ಅಪ್ಪ ಆಟಕ್ಕೆ ಬಂದಿರಲಿಲ್ಲ, ಅದೊಂದೇ ಸಮಾಧಾನ.

ಆ ಸಮಾಧಾನ ಎರಡು ದಿನವೂ ಉಳಿಯಲಿಲ್ಲ. ದವಾಖಾನೆಯ ಬೆಂಚಿನಲ್ಲಿ ಕಾಯುವವರು ಅಪ್ಪ ಬಾಟಲಿ ಎತ್ತಿದ ಕೂಡಲೇ ಬೆಂಚಿಗೆ ಮೂರು ಸಲ ಬಡಿಯತೊಡಗಿದರು. ಜ್ವರ ಬಂದ ಮಕ್ಕಳೂ ತಾಯಿಯ ಮಡಿಲಲ್ಲಿ ಕೂತು ಎದೆ ತಟ್ಟಿಕೊಳ್ಳುತ್ತಿದ್ದವಂತೆ. ಇದನ್ನು ಅಮ್ಮನಿಗೆ ಹೇಳಿದ್ದು ನೆರೆಮನೆಯವರು, ಅಪ್ಪ ಅಲ್ಲ. ಮನೆಯಲ್ಲಿ ಅಪ್ಪ ಎಂದಿನ ಹಾಗೆಯೇ ಇದ್ದರು. ಊಟ ಮಾಡಿ, ಕೈ ತೊಳೆದು, ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಎದುರಿಗೆ ಹೋಗುವುದನ್ನು ಆದಷ್ಟು ತಪ್ಪಿಸುತ್ತಿದ್ದೆ.

ಕ್ರಿಸ್‌ಮಸ್ ರಜೆಯಲ್ಲಿ ಅಪ್ಪನಿಗೆ ಮಧ್ಯಾಹ್ನದ ಬುತ್ತಿ ಒಯ್ಯುವ ಕೆಲಸ ನನ್ನದಾಯಿತು. ಮೊದಲ ದಿನವೇ ನನಗೆ ಒಂದು ವ್ಯತ್ಯಾಸ ಗೊತ್ತಾಯಿತು. ಅಪ್ಪ ಬಾಟಲಿಗೆ ತಟ್ಟುತ್ತಿರಲಿಲ್ಲ. ಚೀಟಿಯನ್ನೂ ತಲೆ ನೆಟ್ಟಗೆ ಇಟ್ಟುಕೊಂಡೇ ಓದಲು ನೋಡುತ್ತಿದ್ದರು. ಬೆಂಚಿನವರ ಕಡೆಗೆ ಬೆನ್ನು ಹಾಕಿ ಬೇಗ ಬೇಗ ತುಂಬಿಸಿ, ಕಾರ್ಕು ಒತ್ತಿ, ಕೊಟ್ಟುಬಿಡುತ್ತಿದ್ದರು. ನನಗೆ ಎಲ್ಲೋ ಒಂದು ಕಡೆ ಸರಿಯೆನಿಸಲಿಲ್ಲ. ಆದರೆ ಕೇಳುವ ಮುಖ ನನಗಿರಲಿಲ್ಲ.

ಎರಡನೆಯ ವಾರದ ಶುಕ್ರವಾರ. ನಾನು ಹೋದಾಗ ಒಂದು ಗಂಟೆಯ ಹೊತ್ತು, ಬೆಂಚು ಖಾಲಿಯಾಗಿತ್ತು. ಡಾಕ್ಟರರು ರೋಗಿಯ ಮನೆಗೆ ಹೋಗಿದ್ದರು. ಅಪ್ಪ ಊಟಕ್ಕೆ ಮೊದಲು ಜಾಡಿಗಳನ್ನು ಒರೆಸುತ್ತಿದ್ದರು. ಒಂದು ಜಾಡಿಯ ಮುಂದೆ ಅವರ ಕೈ ನಿಂತಿತು. ನೋವಿಗೆ ಹಚ್ಚಿ ತಿಕ್ಕುವ ಬಿಳಿ ಮದ್ದು ಅದು, ಟರ್ಪೆಂಟೈನ್ ಬೆರೆಸಿದ್ದು.

"ಇದನ್ನು ಬೆಳಿಗ್ಗೆ ನಾನೇ ಕುತ್ತಿಗೆವರೆಗೆ ತುಂಬಿಸಿಟ್ಟದ್ದು," ಎಂದರು. "ಇವತ್ತು ಯಾರಿಗೂ ಹಚ್ಚುವ ಮದ್ದು ಬರ್ಕೊಡ್ಲಿಲ್ಲ."

ಜಾಡಿಯಲ್ಲಿ ಮದ್ದು ನಾಲ್ಕು ಬೆರಳು ಇಳಿದಿತ್ತು. ಪಕ್ಕದಲ್ಲೇ ಹೊಟ್ಟೆಯುರಿಗೆ ಕುಡಿಯುವ ಬಿಳಿ ಮಿಕ್ಸ್ಚರಿನ ಜಾಡಿ ಇತ್ತು. ನೋಡಲಿಕ್ಕೆ ಎರಡೂ ಹಾಲಿನ ಹಾಗೆ. ಆಗ ರೋಗಿಗಳು ತಮ್ಮ ಮನೆಯಿಂದಲೇ ಬಾಟಲಿ ತರುತ್ತಿದ್ದರು, ಬಾಟಲಿ ನೋಡಿ ಯಾವ ಮದ್ದೆಂದು ಹೇಳುವ ಹಾಗಿರಲಿಲ್ಲ. ಅಪ್ಪ ಮೊಳೆಗೆ ಚುಚ್ಚಿಟ್ಟ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿದರು. ಬೆಳಗ್ಗಿನಿಂದ ಬಿಳಿ ಮಿಕ್ಸ್ಚರ್ ಬರೆದದ್ದು ಒಬ್ಬರಿಗೆ ಮಾತ್ರ. ಬಂದರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಸಾಹುಕಾರರ ತಾಯಿಗೆ. ಎಪ್ಪತ್ತು ದಾಟಿದ ಮುದುಕಿ. ಚೀಟಿಯ ಕೊನೆಯಲ್ಲಿ 'ಊಟಕ್ಕೆ ಮೊದಲು' ಎಂದಿತ್ತು. ಅಪ್ಪ ಚೀಟಿಯಿಂದ ಕಣ್ಣೆತ್ತಿ ಗಡಿಯಾರ ನೋಡಿದರು. ನಾನೂ ನೋಡಿದೆ.

ಡಾಕ್ಟರರ ಕೋಣೆಯಿಂದ ಸಾಹುಕಾರರ ಮಂಡಿಗೆ ಫೋನು ಮಾಡಿದೆವು. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಜುಮಾ ನಮಾಜಿನ ಹೊತ್ತು, ಮಂಡಿ ಮುಚ್ಚಿತ್ತು.

"ಸೈಕಲ್ ಉಂಟಾ?" ಎಂದರು ಅಪ್ಪ. "ಓಡು."

ಫಳ್ನೀರಿನಿಂದ ಹಂಪನಕಟ್ಟೆಗೆ, ಅಲ್ಲಿಂದ ಬಂದರಿನ ಇಳಿಜಾರಿಗೆ ನಾನು ಬ್ರೇಕು ಹಿಡಿಯದೆ ಸೈಕಲ್ ಬಿಟ್ಟೆ. ತಿರುವಿನಲ್ಲಿ ಒಂದು ಬಸ್ಸು ಅಡ್ಡ ಬಂತು. ಕಂಡಕ್ಟರ್ ನನ್ನ ಗುರುತು ಹಿಡಿದು ಬಸ್ಸಿಗೆ ಮೂರು ಸಲ ಬಡಿದು, ತಲೆ ಓರೆ ಮಾಡಿ ಹಲ್ಲು ಕಿರಿದ. ನನ್ನ ನಾಟಕ ಅವನಿಗೆ ಅಷ್ಟು ಇಷ್ಟವಾಗಿತ್ತು. ನಾನು ತಲೆ ತಗ್ಗಿಸಿ ಪೆಡಲು ತುಳಿದೆ.

ಬಂದರಿನಲ್ಲಿ ಗೋದಾಮುಗಳ ಬಾಗಿಲು ಹಾಕಿತ್ತು. ಕೈಗಾಡಿಗಳು ಬರಿದಾಗಿ ಸಾಲುಗಟ್ಟಿ ನಿಂತಿದ್ದವು. ಕೇಳೋಣವೆಂದರೆ ಬೀದಿಯಲ್ಲಿ ಜನವೇ ಇಲ್ಲ. ಹಗ್ಗದ ಅಂಗಡಿಯ ಕೊಂಕಣಿ ಮುದುಕರೊಬ್ಬರು ಮಾತ್ರ ಕೂತಿದ್ದರು. ಅವರು ಕೊಬ್ಬರಿ ಮಂಡಿಯ ಹಿಂದಿನ ಓಣಿ ತೋರಿಸಿದರು. ಓಣಿಯ ಕೊನೆಯಲ್ಲಿ ಮಹಡಿ ಮನೆ, ಬಾಗಿಲಿಗೆ ಹಸಿರು ಪರದೆ. ನಾನು ಮೆಟ್ಟಿಲ ಕೆಳಗೆ ನಿಂತು ಕೂಗಿದೆ.

ಪರದೆಯ ಹಿಂದಿನಿಂದ ಒಂದು ಹೆಣ್ಣುಧ್ವನಿ, ಗಂಡಸರು ಯಾರೂ ಇಲ್ಲ, ಮಸೀದಿಗೆ ಹೋಗಿದ್ದಾರೆ ಎಂದಿತು. ನಾನು ಫಳ್ನೀರಿನ ದವಾಖಾನೆಯಿಂದ ಬಂದದ್ದೆಂದೂ, ಬೆಳಿಗ್ಗೆ ತಂದ ಮದ್ದು ತಪ್ಪಿ ಬಂದಿದೆಯೆಂದೂ ಹೇಳಿದೆ.

"ಅಮ್ಮ ಕುಡಿದ್ರಾ?" ಎಂದು ಕೇಳಿದೆ.

ಪರದೆ ಅಲುಗಿತು.

"ನಾನು ಗ್ಲಾಸಿಗೆ ಹಾಕಿ ಮಾಮಿಯ ಹತ್ರ ಇಟ್ಟು ಬಂದಿದ್ದೇನೆ," ಎಂದಿತು ಧ್ವನಿ. ಸೊಸೆ ಇರಬೇಕು. "ಅವರು ನಮಾಜಿಗೆ ನಿಂತಿದ್ರು. ಮುಗಿಸಿ ಕುಡಿತೇನೆ ಅಂದ್ರು."

"ಮುಗಿಯಿತಾ ನೋಡಿ. ಬೇಗ ನೋಡಿ."

ಅವಳು ಮಹಡಿಯ ಮೆಟ್ಟಿಲು ಹತ್ತಿ ಓಡುವುದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಒಳಗೆ ಹೋಗುವ ಹಾಗಿಲ್ಲ, ಮತ್ತೆ ಕೂಗುವ ಧೈರ್ಯವಿಲ್ಲ. ಮುದುಕಿಗೆ ನೆಗಡಿಯೂ ಇದೆಯೆಂದು ಚೀಟಿಯಲ್ಲಿ ಓದಿದ್ದೆ. ಮೂಗು ಕಟ್ಟಿದವರಿಗೆ ಟರ್ಪೆಂಟೈನಿನ ವಾಸನೆ ಎಲ್ಲಿ ತಿಳಿಯುತ್ತದೆ? ಪರದೆಯ ಅಂಚು ಗಾಳಿಗೆ ಎದ್ದು ಬೀಳುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಅಂಗಿ ಬೆನ್ನಿಗೆ ಅಂಟಿತ್ತು.

ಎಷ್ಟು ಹೊತ್ತೆಂದು ಹೇಳಲಾರೆ. ಪರದೆಯ ಕೆಳಗಿನಿಂದ ಒಂದು ಕೈ ಬಂತು. ಮೊದಲು ಬಾಟಲಿ ಇಟ್ಟಿತು, ಆಮೇಲೆ ಒಂದು ಗ್ಲಾಸು. ಗ್ಲಾಸಿನಲ್ಲಿ ಬಿಳಿ ಮದ್ದು ಹಾಕಿದ ಹಾಗೇ ಇತ್ತು.

"ಈಗಷ್ಟೇ ಕೈಗೆ ತಕ್ಕೊಂಡಿದ್ರು," ಎಂದಳು ಆಕೆ. "ಇದು ಎಂತ ಮದ್ದು?"

ಹಚ್ಚುವ ಮದ್ದು ಎಂದೆ. ಗ್ಲಾಸಿನದ್ದನ್ನು ಚರಂಡಿಗೆ ಚೆಲ್ಲಿ, ನಾನು ಆ ಮೆಟ್ಟಿಲಲ್ಲೇ ಕೂತುಬಿಟ್ಟೆ.

ಹಿಂತಿರುಗಿದಾಗ ಬುತ್ತಿ ಬಿಚ್ಚದೆ ಹಾಗೇ ಇತ್ತು. ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಕುಡಿಯಲಿಲ್ಲ ಎಂದೆ. ಅವರು ಬಾಟಲಿಯ ಕಾರ್ಕು ತೆಗೆದು ಮೂಸಿ, ಮತ್ತೆ ಮುಚ್ಚಿದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಒಂದು ಚೀಟಿಗೆ, ಒಂದು ಜಾಡಿಗೆ, ಒಂದು ಹೆಸರಿಗೆ," ಎಂದರು. "ಮೂರು ಸಲ ಓದಬೇಕು. ಓದಿದ್ದೇನೆ ಅಂತ ನೆನಪಿಗೆ ಒಂದೊಂದು ತಟ್ಟುವುದು. ದೊಡ್ಡ ಡಾಕ್ಟ್ರು ಕಲಿಸಿದ್ದು, ಈ ಡಾಕ್ಟ್ರ ಅಪ್ಪ."

ಇಪ್ಪತ್ತೈದು ವರ್ಷ ಆ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಉಂಡು ಬೆಳೆದ ನನಗೆ ಅದು ಗೊತ್ತಿರಲಿಲ್ಲ.

ಡಾಕ್ಟರರು ಬಂದ ಕೂಡಲೇ ಅಪ್ಪ ಎಲ್ಲವನ್ನೂ ಹೇಳಿದರು. ಯಾರಿಗೂ ಏನೂ ಆಗಲಿಲ್ಲವಲ್ಲ, ಬಿಟ್ಟುಬಿಡಿ, ದವಾಖಾನೆಯ ಹೆಸರು ಹಾಳಾಗುವುದು ಬೇಡ ಎಂದರು ಡಾಕ್ಟರರು. ಆ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳದೆ ನಾಳೆಯಿಂದ ಬಾಟಲಿ ಮುಟ್ಟಲಾರೆ ಎಂದರು ಅಪ್ಪ. ಅವರು ಡಾಕ್ಟರರ ಮಾತಿಗೆ ಎದುರು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋಗುವ ಪ್ರಸಂಗ ಬರಲಿಲ್ಲ. ಸಂಜೆ ಐದಕ್ಕೆ ಸಾಹುಕಾರರೇ ಬಂದರು. ಬಿಳಿ ಟೊಪ್ಪಿ, ಬಿಳಿ ಮುಂಡು, ಎತ್ತರದ ಆಳು. ಬೆಂಚಿನಲ್ಲಿ ಏಳೆಂಟು ಜನ ಇದ್ದರು. ಸಾಹುಕಾರರು ಯಾರನ್ನೂ ನೋಡದೆ ನೇರ ಅಪ್ಪನ ಕೌಂಟರಿಗೆ ನಡೆದರು. ಡಾಕ್ಟರರು ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ಅಪ್ಪ ಕೈ ಮುಗಿದರು. "ತಪ್ಪು ನನ್ನದು," ಎಂದರು. "ಡಾಕ್ಟ್ರು ಸರಿಯಾಗಿಯೇ ಬರ್ದಿದ್ರು. ನಾನು ನೋಡ್ಲಿಲ್ಲ."

ಸಾಹುಕಾರರು ಜೇಬಿನಿಂದ ತೊಳೆದ ಖಾಲಿ ಬಾಟಲಿಯೊಂದನ್ನು ತೆಗೆದು ಕೌಂಟರಿನ ಮೇಲೆ ಇಟ್ಟರು. "ಹದಿನೈದು ವರ್ಷದಿಂದ ಉಮ್ಮನಿಗೆ ನಿಮ್ಮ ಕೈಯ ಮದ್ದು," ಎಂದರು. "ಈಗ ನನ್ನ ಎದುರಿಗೆ ಹಾಕಿಕೊಡಿ. ನಾನು ನೋಡ್ತೇನೆ."

ಅಪ್ಪ ಚೀಟಿ ತೆಗೆದರು. ತಲೆ ವಾಲಿಸಿ ಓದಿದರು. ಜಾಡಿಯನ್ನು ಬೆಳಕಿಗೆ ಹಿಡಿದರು. ಔನ್ಸ್ ಗ್ಲಾಸಿನಲ್ಲಿ ಅಳೆಯುವಾಗ ಎರಡು ಹನಿ ಕೆಳಗೆ ಬಿತ್ತು. ಬಾಟಲಿ ತುಂಬಿಸಿ, ಉಂಗುರದ ಬೆರಳು ಎತ್ತಿ, ಅಪ್ಪ ಒಂದು ಗಳಿಗೆ ತಡೆದರು. ಬೆಂಚಿನ ಕಡೆ ನಾನು ನೋಡಿದೆ. ಒಬ್ಬನ ಕೈ ಆಗಲೇ ಬೆಂಚಿನ ಮೇಲೆ ಎದ್ದಿತ್ತು. ಸಾಹುಕಾರರು ತಿರುಗಿ ಅವನನ್ನು ನೋಡಿದರು. ಅವನು ಆ ಕೈಯಿಂದ ತಲೆ ಕೆರೆದುಕೊಂಡ.

ಟಣ್. ಟಣ್. ಟಣ್.

ಸಾಹುಕಾರರು ಬಾಟಲಿ ಜೇಬಿಗೆ ಹಾಕಿಕೊಂಡು, ಡಾಕ್ಟರರಿಗೆ ಸಲಾಂ ಹೇಳಿ ಹೊರಟುಹೋದರು. ಈ ವಿಷಯ ಅವರ ಬಾಯಿಂದ ಹೊರಗೆ ಬರಲಿಲ್ಲ.

ಅಂದು ಅಪ್ಪನೂ ನಾನೂ ನಡೆದೇ ಮನೆಗೆ ಹೋದೆವು, ಸೈಕಲ್ಲನ್ನು ತಳ್ಳಿಕೊಂಡು. ಅರ್ಧ ದಾರಿಯಲ್ಲಿ ನಾನು, ನಾಟಕದ ಆ ಭಾಗ ಬರೆದವನು ನಾನೇ ಎಂದೆ.

"ಗೊತ್ತುಂಟು," ಎಂದರು. "ನೋಟೀಸಿನಲ್ಲಿ ನಿನ್ನ ಹೆಸರು ಉಂಟಲ್ಲ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ನಾಟಕದ ಎರಡನೆಯ ಆಟ ಜನವರಿಯಲ್ಲಿ ನಿಗದಿಯಾಗಿತ್ತು. ದವಾಖಾನೆಯ ಭಾಗ ತೆಗೆಯೋಣ ಎಂದು ತಂಡದವರಲ್ಲಿ ಕೇಳಿಕೊಂಡೆ. ಕಾರಣ ಹೇಳುವ ಹಾಗಿರಲಿಲ್ಲ. ಜನ ಬರುವುದೇ ಅದಕ್ಕೆ, ಮಾರಾಯ, ಎಂದ ಅಂಚೆ ಗುಮಾಸ್ತ. ಅವನ ಮಾತು ಸುಳ್ಳಲ್ಲ. ಅಷ್ಟರಲ್ಲಿ ಬೇರೆ ಎರಡು ತಂಡಗಳೂ ತಮ್ಮ ನಾಟಕಕ್ಕೆ ಕಂಪೌಂಡರ್ ತಗಡಣ್ಣನನ್ನು ಸೇರಿಸಿಕೊಂಡಿದ್ದವು. ನಾನು ಬಿಟ್ಟ ನಗೆ ಊರಿನ ಸೊತ್ತಾಗಿತ್ತು, ಹಿಂದೆ ಕರೆಯಲು ನನಗೆ ಅಧಿಕಾರವಿರಲಿಲ್ಲ. ಇನ್ನು ನಾನು ಬರೆಯುವುದಿಲ್ಲ ಎಂದಷ್ಟೇ ಹೇಳಿದೆ.

ಎರಡನೆಯ ಆಟದ ದಿನ ಅಪ್ಪ ಮಡಿಸಿದ ಶಲ್ಯ ಹೆಗಲಿಗೆ ಹಾಕಿಕೊಂಡು ಹೊರಟರು. ಅಮ್ಮ ಬೇಡವೆಂದರೂ ಕೇಳಲಿಲ್ಲ. ಮೂರನೆಯ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ನಾನು. ತಗಡಣ್ಣ ರಂಗಕ್ಕೆ ಬಂದಾಗ ಜನ ಕೂಗಿದರು. ಅಂಚೆ ಗುಮಾಸ್ತ ಬಾಟಲಿ ಎತ್ತಿದವನು ಅಪ್ಪನನ್ನು ಕಂಡ. ಅವನ ಮುಖದ ಬಣ್ಣದ ಕೆಳಗೆ ಏನಾಯಿತೋ, ಮಾತು ತಡೆಯಿತು. ಹಿಂದಿನವರು ಶಿಳ್ಳೆ ಹಾಕಿದರು. ಅಪ್ಪ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಕೊನೆಗೆ ಅವನು ಬೇರೆ ದಾರಿ ಕಾಣದೆ ಮೂರು ಸಲ ತಟ್ಟಿದ. ಜನ ನಕ್ಕರು. ಅಪ್ಪ ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಪೂರ್ತಿ ನೋಡಿದರು.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿರುವಾಗ ನನ್ನ ಕಡೆಗೆ ತಿರುಗಿದರು.

"ಅವನು ಬಾಟಲಿಯ ಕುತ್ತಿಗೆ ಹಿಡಿದು ಎತ್ತುತ್ತಾನೆ," ಎಂದರು. "ಕೈ ಒದ್ದೆ ಇದ್ರೆ ಜಾರಿ ಬೀಳ್ತದೆ. ಬುಡ ಹಿಡೀಬೇಕು. ಅವನಿಗೆ ಹೇಳು."