ಒಂದೇ ಮಗ್ಗುಲಿನ ಗಾರ್ಡ್ ಡಬ್ಬಿ

ಟೈಲರಮ್ಮ ಗುಜರಿ ಅಂಗಳಕ್ಕೆ ಏದುಸಿರು ಬಿಡುತ್ತಾ ಬಂದಾಗ ಗ್ಯಾಸ್ ಕಟರ್‌ನವನು ಆಗಲೇ ಬೆಂಕಿ ಹೊತ್ತಿಸಿದ್ದ. ಅವನ ಮುಂದೆ ನಿಂತಿದ್ದದ್ದು ಗೂಡ್ಸ್ ರೈಲಿನ ಬಾಲಕ್ಕೆ ಜೋಡಿಸುತ್ತಿದ್ದ ಹಳೇ ಗಾರ್ಡ್ ಡಬ್ಬಿ. ಆ ತರಹದ್ದು ಇನ್ನೆಲ್ಲೂ ಉಳಿದಿರಲಿಲ್ಲ. ಅವಳ ಅಣ್ಣ ಗಾರ್ಡ್ ಆಗಿ ಮೊದಲು ಹತ್ತಿದ್ದು ಅದನ್ನೇ.

ಕಣ್ಣು ಹೋದ ಮೇಲೆ ಅಣ್ಣನಿಗೆ ಮಾತೂ ಹೋದ ಹಾಗಾಗಿತ್ತು. ಊಟ ಆಯ್ತಾ ಅಂದರೆ ಹೂಂ, ಮಲಗ್ತೀಯಾ ಅಂದರೆ ಹೂಂ. ಒಮ್ಮೆ ಇವಳು ರಟ್ಟು, ತಗಡು ಸೇರಿಸಿ ಅಂಗೈಯಗಲದ ಗಾರ್ಡ್ ಡಬ್ಬಿಯೊಂದನ್ನು ಮಾಡಿ ಅವನ ಕೈಗಿಟ್ಟಳು. ಬೆರಳಾಡಿಸುತ್ತಾ ಮಹಾರಾಯ ಬಾಯಿಬಿಟ್ಟ ನೋಡಿ, ರಾತ್ರಿ ಊಟದ ತನಕ ರೈಲಿನದೇ ಕಥೆ! ಅಲ್ಲಿಂದ ಹಿಡಿಯಿತು ಅವಳಿಗೆ ಹಳೇ ಡಬ್ಬಿಗಳ ಮಾದರಿ ಮಾಡುವ ಹುಚ್ಚು. ಚಾವಣಿ ಮೇಲೆ ಗೂಡಿರುವುದು, ಒಳಗೆ ಒಲೆಯಿರುವುದು, ವಿಚಿತ್ರವಾದದ್ದೇ ಆಗಬೇಕು. ಆದರೆ ಕೂದಲೆಳೆಯಷ್ಟು ತಪ್ಪಿದರೂ ಅವನ ಬೆರಳು ಹಿಡಿದುಬಿಡುತ್ತಿತ್ತು. ಡಬ್ಬಿಯನ್ನು ಕೆಳಗಿಟ್ಟು ಮತ್ತೆ ಹೂಂ. ಈಚೆಗಂತೂ ಎಲ್ಲವನ್ನೂ ಕೆಳಗಿಟ್ಟುಬಿಡುತ್ತಿದ್ದ. ಈ ಗುಜರಿಯ ಡಬ್ಬಿಯೂ ಕೈತಪ್ಪಿದರೆ ಅಣ್ಣ ತನ್ನ ಪಾಲಿಗಿಲ್ಲ ಎಂಬ ದಿಗಿಲು ಅವಳಿಗೆ.

ಟೀ ಕುಡಿದು ಬರುವಷ್ಟು ಹೊತ್ತಾದರೂ ಬಿಡಪ್ಪಾ ಎಂದು ಕಟರ್‌ನವನನ್ನು ಕಾಡಿ ಬೇಡಿ ಒಪ್ಪಿಸಿದಳು. ಲಾರಿ ಕಾಯುತ್ತಿದೆ ಎಂದು ಗೊಣಗುತ್ತಲೇ ಅವನು ಹೋದ. ಕೊರಳಲ್ಲಿದ್ದ ಟೇಪು ಕೈಗೆ ಬಂತು. ಬಾಗಿಲು, ಕಿಟಕಿ, ಮೆಟ್ಟಿಲು, ಹಿಡಿಕೆ. ಬಟ್ಟೆಯನ್ನು ಎರಡಾಗಿ ಮಡಚಿ ಕತ್ತರಿ ಹಾಕಿ ಪಳಗಿದ ಕೈ ಅದು. ಅರ್ಧ ಸರಿ ಬಂದರೆ ಇನ್ನರ್ಧ ತಾನಾಗಿ ಬರುತ್ತದೆ. ಒಂದು ಮಗ್ಗುಲು ಮುಗಿಸಿ, ಆಯ್ತಪ್ಪಾ ಎಂದು ಕೈಬೀಸಿಯೂ ಬಿಟ್ಟಳು.

ಅವನು ಆಚೆ ಮಗ್ಗುಲಿಂದ ಶುರುಮಾಡಿದ. ಧಡಾರೆಂದು ಬಿದ್ದ ತಗಡಿನ ಜೊತೆ ಹೊಟ್ಟೆ ಉಬ್ಬಿದ ಕಿಟಕಿಗೂಡೊಂದು ನುಜ್ಜುಗುಜ್ಜಾಗಿ ಹೊರಳಿ ಬಂತು. ಈ ಮಗ್ಗುಲಲ್ಲಿ ಅಂಥದ್ದು ಇರಲೇ ಇಲ್ಲ! ನಿಲ್ಲಿಸಪ್ಪಾ ಎಂದು ಕಿರುಚುತ್ತಾ ಸುತ್ತಿ ಓಡಿದಳು. ಕೆಂಪಗೆ ಕಾದ ಅಂಚು ಬಿಟ್ಟರೆ ಆ ಮಗ್ಗುಲೇ ಇಲ್ಲ. ಮೊದಲೇ ಹೇಳಬಾರದಿತ್ತೇನಮ್ಮಾ ಎಂದು ಅವನೂ ಪಾಪ ಪೇಚಾಡಿದ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಮನೆಯಲ್ಲಿ ಆ ಮಗ್ಗುಲನ್ನು ಊಹಿಸಿ ಮಾಡಲು ಕೈಹಾಕಿದಳು, ಕಿತ್ತಳು, ಮತ್ತೆ ಮಾಡಿದಳು, ಮತ್ತೆ ಕಿತ್ತಳು. ಸುಳ್ಳು ಮಾಡಿ ಅವನ ಕೈಗಿಡುವುದು ಹೇಗೆ? ಕೊನೆಗೆ ಆ ಕಡೆಗೆ ಬರೀ ರಟ್ಟನ್ನೇ ಅಂಟಿಸಿ ಡಬ್ಬಿಯನ್ನು ಕೊಟ್ಟಳು.

ಅಣ್ಣನ ಬೆರಳು ಮೆಟ್ಟಿಲು ಹತ್ತಿತು, ಹಿಡಿಕೆ ಹಿಡಿಯಿತು, ಕಿಟಕಿ ದಾಟಿತು. ಡಬ್ಬಿಯನ್ನು ಮಗುಚಿದ. ಬೆರಳು ನಿಂತಿತು.

"ಈ ಕಡೆ ಏನೂ ಇಲ್ವಲ್ಲೇ?"

"ನಾನು ನೋಡ್ಲಿಲ್ಲ ಅಣ್ಣಾ. ಅಷ್ಟ್ರಲ್ಲಿ ಕತ್ತರಿಸಿಬಿಟ್ರು." ಅವಳಿಗೆ ಅಳು ತಡೆಯಲಾಗಲಿಲ್ಲ.

ಅಣ್ಣ ಡಬ್ಬಿಯನ್ನು ಕೆಳಗಿಡಲಿಲ್ಲ. ಬರೀ ರಟ್ಟನ್ನೇ ಹೆಬ್ಬೆರಳಿಂದ ಸವರುತ್ತಾ ಕೂತ.

"ಅದಕ್ಯಾಕೆ ಅಳ್ತೀಯೇ? ನಾನು ನೋಡಿದ್ದೀನಲ್ಲ," ಎಂದ. "ಪೆನ್ಸಿಲ್ ತಗೊಂಡು ಬಾ."