ಮೃಣಾಲಿನಿ ಅಕ್ಕಾರ ಸ್ಪಿತಿ ಹಾದಿ

ಮೂವತ್ತೆರಡು ವರ್ಷ ಧಾರವಾಡದ ಸಾಲೆಯೊಂದರಲ್ಲಿ ಭೂಗೋಳ ಕಲಿಸಿದ ಮೃಣಾಲಿನಿ ಅಕ್ಕಾರು ಹಿಮಾಲಯವನ್ನು ಕಂಡದ್ದು ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಮಾತ್ರ. ನಿವೃತ್ತಿಯ ಮರುವರ್ಷ, ಅರವತ್ತೊಂದು ತುಂಬಿದಾಗ, ಅಲ್ಲಿಯ ಸ್ಪಿತಿ ಕಣಿವೆಗೆ ಹೋಗಿಬರುವುದೆಂದು ಗಟ್ಟಿ ಮಾಡಿದರು. ವಿಮಾನದಲ್ಲಲ್ಲ, ಕೆಲಗೇರಿಯ ಮನೆ ಬಾಗಿಲಿನಿಂದಲೇ, ಹನ್ನೊಂದು ವರ್ಷ ಹಳೆಯ ತಮ್ಮ ಬೊಲೆರೊದಲ್ಲಿ. ನೆಲ ಹೇಗೆ ಮೆಲ್ಲಗೆ ಮೇಲೇರುತ್ತದೆ ಎಂಬುದನ್ನು ಕೂತು ನೋಡುವ ಆಸೆ ಅವರಿಗೆ.

ಗಂಡ ಏಕನಾಥರು ಅಂಚೆ ಕಚೇರಿಯಿಂದ ನಿವೃತ್ತರಾದವರು. ಬರಲು ತಯಾರಿದ್ದರು, ಆದರೆ ಕಣ್ಣಿನ ಆಪರೇಶನ್ ಆದ ಮೇಲೆ ದೂರದ ದಾರಿಗೆ ಸ್ಟೇರಿಂಗ್ ಹಿಡಿಯುತ್ತಿರಲಿಲ್ಲ. ಹಾಗಾಗಿ ಅಕ್ಕಾರು ಹಳೇ ಹುಬ್ಬಳ್ಳಿಯ ಓಣಿಯಲ್ಲಿದ್ದ ಶಾಬುದ್ದೀನರ ಗ್ಯಾರೇಜಿಗೆ ಹೋದರು. ಆ ಗಾಡಿಯ ಒಂದೊಂದು ನಟ್ಟೂ ಅವರ ಕೈ ಕಂಡಿತ್ತು. ಇಂಜಿನ್ನು ಬಿಚ್ಚಿ ನೋಡಬೇಕು, ಜೊತೆಗೆ ಡ್ರೈವರ್ ಆಗಿಯೂ ಬರಬೇಕು ಎಂದಾಗ ಶಾಬುದ್ದೀನರು ಮೊದಲು ನಕ್ಕರು. ಅಕ್ಕಾರು ಚೀಲದಿಂದ ನಾಲ್ಕು ಹಾಳೆ ತೆಗೆದು ಬಾನೆಟ್ ಮೇಲೆ ಹರಡಿದ ಮೇಲೆ ನಗು ನಿಂತಿತು.

ಯಾವ ದಿನ ಎಷ್ಟು ಎತ್ತರದಲ್ಲಿ ಮಲಗಬೇಕು ಎಂಬುದೆಲ್ಲ ಆ ಹಾಳೆಗಳಲ್ಲಿತ್ತು. ಮನಾಲಿ ಕಡೆಯಿಂದ ಹೋದರೆ ಒಮ್ಮೆಲೇ ಎತ್ತರಕ್ಕೇರಿ ತಲೆ ಸಿಡಿಯುತ್ತದೆ, ಆದ್ದರಿಂದ ಶಿಮ್ಲಾದಿಂದ ಕಿನ್ನೌರ ಹಾದು ಮೆಲ್ಲಗೆ ಏರುವುದು, ಕುಂಜುಮ್ ಕಣಿವೆದಾರಿ ದಾಟಿ ಮನಾಲಿಗೆ ಇಳಿಯುವುದು. ಸ್ಪಿತಿಯ ಕಾಜಾ ಎಂಬ ಊರು ಬಿಟ್ಟರೆ ಮುಂದೆ ಡೀಸೆಲ್ ಇಲ್ಲ, ಅಲ್ಲಿ ಟ್ಯಾಂಕ್ ತುಂಬಿಸಿ ಒಂದು ಕ್ಯಾನೂ ಹಿಡಿಯಬೇಕು. ಫ್ಯಾನ್ ಬೆಲ್ಟು, ಕ್ಲಚ್ ಪ್ಲೇಟು, ಎರಡು ಸ್ಟೆಪ್ನಿ, ಎಳೆಯುವ ಹಗ್ಗ. ಮೆಂತೆಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೊನೆಯಲ್ಲಿ, ಏನೂ ಬರೆಯದೆ ಖಾಲಿ ಬಿಟ್ಟ ಮೂರು ದಿನ.

ಈ ಖಾಲಿ ದಿನ ಯಾತಕ್ಕೆಂದು ಶಾಬುದ್ದೀನರು ಕೇಳಿದರು. "ಗುಡ್ಡಕ್ಕ ಅವು," ಎಂದರು ಅಕ್ಕಾರು. "ಅದು ಕೇಳಿದಾಗ ಕೊಡಬೇಕಾಗ್ತದ."

ಶಾಬುದ್ದೀನರು ಬರಲು ಒಪ್ಪಿದರು. ಆಮೇಲೆ ಮೂರು ರವಿವಾರ ಅಕ್ಕಾರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗ್ಯಾರೇಜಿನಲ್ಲಿ ಗಾಲಿ ಬದಲಿಸುವುದನ್ನು ಕಲಿತರು. ಮೊದಲನೆಯ ಸಲ ಮುಕ್ಕಾಲು ತಾಸು ಹಿಡಿಯಿತು, ಮೂರನೆಯ ರವಿವಾರ ಹದಿನೆಂಟು ನಿಮಿಷ.

ಆಗಸ್ಟ್ ಕೊನೆಯಲ್ಲಿ ಮೂವರೂ ಹೊರಟರು. ಆರು ದಿನಕ್ಕೆ ಶಿಮ್ಲಾ. ನಾಕೋ ಎಂಬ ಹಳ್ಳಿಯಲ್ಲಿ ಏಕನಾಥರಿಗೆ ತಲೆನೋವು, ವಾಕರಿಕೆ ಶುರುವಾಯಿತು. ಗುಳಿಗೆ ನುಂಗಿ ಮುಂದೆ ಹೋಗೋಣ ಎಂದು ಅವರೇ ಹಟ ಹಿಡಿದರು. ತಲೆ ಹಗುರಾಗುವ ತನಕ ಒಂದು ಅಡಿಯೂ ಏರುವುದಿಲ್ಲ ಎಂದು ಅಕ್ಕಾರು ಖಾಲಿ ದಿನವೊಂದನ್ನು ಅಲ್ಲೇ ಕಳೆದರು. ಮರುದಿನ ಏಕನಾಥರು ಎರಡು ರೊಟ್ಟಿ ಬೇಡಿ ತಿಂದರು, ಗಾಡಿ ಹೊರಟಿತು.

ನಿಜವಾದ ಜಟಾಪಟಿ ನಡೆದದ್ದು ಸ್ಪಿತಿ ನೋಡಿಕೊಂಡು ಮರಳುವಾಗ, ಕುಂಜುಮ್ ದಾಟಿ, ಬಾತಲ್ ಎಂಬ ತಂಗುದಾಣದಿಂದ ಅರ್ಧ ತಾಸು ಮುಂದೆ. ಮಧ್ಯಾಹ್ನ ಮೂರರ ಸುಮಾರು. ಗುಡ್ಡದಿಂದ ಇಳಿದ ಹಳ್ಳವೊಂದು ರಸ್ತೆಯ ಮೇಲೆಯೇ ಹರಿಯುತ್ತಿತ್ತು, ಬೂದಿ ಬಣ್ಣದ ನೀರು, ಒಳಗೆ ಕಲ್ಲುಗಳು ಉರುಳುವ ಸದ್ದು. ಶಾಬುದ್ದೀನರು ಗೇರು ಹಾಕಿದರು. ಅಕ್ಕಾರು ಇಳಿದು, ಕೋಲು ಊರಿ ನಾಲ್ಕು ಹೆಜ್ಜೆ ನೀರಿಗೆ ಹೋಗಿ ನೋಡಿದರು. ಮೊಳಕಾಲು ದಾಟಿತ್ತು. ತಿರುಗಿ ಬಂದು, ಬಾತಲ್‌ಗೆ ವಾಪಸ್ ಹೋಗೋಣ ಎಂದರು.

ಶಾಬುದ್ದೀನರ ಮುಖ ಬಿಗಿಯಿತು. "ಮೂವತ್ತು ವರ್ಷ ಗಾಡಿ ಹೊಡದೇನ್ರಿ ಅಕ್ಕಾರ. ಇದೇನ್ ದೊಡ್ಡ ಹಳ್ಳ?"

"ಗಾಡಿ ನಿಮ್ದರಿ ಶಾಬುದ್ದೀನಭಾಯ್, ಅದರಾಗ ನಾ ಬಾಯಿ ಹಾಕಂಗಿಲ್ಲ. ನೀರು ನಂದು."

ಹಗಲು ಬಿಸಿಲಿಗೆ ಮೇಲೆ ಹಿಮ ಕರಗಿ ಮಧ್ಯಾಹ್ನದ ಮೇಲೆ ಹಳ್ಳ ಉಬ್ಬುತ್ತದೆ, ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಇಳಿಯುತ್ತದೆ ಎಂದು ವಿವರಿಸಿದರು. ಎಂಟನೇ ಇಯತ್ತೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ ಪಾಠ. ಹೇಳುವಾಗ ಒಳಗೊಳಗೇ ಸಣ್ಣ ಅಳುಕಿತ್ತು, ಏಕೆಂದರೆ ಅದನ್ನು ತಾವೂ ಕಣ್ಣಾರೆ ಕಂಡಿರಲಿಲ್ಲ. ಪರ್ಸಿನಿಂದ ಸೀಮೆಸುಣ್ಣ ತೆಗೆದು ದಂಡೆಯ ಬಂಡೆಗೆ ನೀರಿನ ಮಟ್ಟದಲ್ಲಿ ಗೆರೆ ಎಳೆದು ಗಾಡಿ ಹತ್ತಿದರು. ಬಾತಲ್‌ನ ಡಾಬಾದಲ್ಲಿ ಶಾಬುದ್ದೀನರು ಒಬ್ಬರೇ ಬೇರೆ ಮೇಜಿಗೆ ಕೂತು ಉಂಡು ಮಲಗಿದರು.

ಬೆಳಿಗ್ಗೆ ಆರಕ್ಕೆ ಮತ್ತೆ ಹಳ್ಳದ ದಂಡೆಗೆ ಬಂದಾಗ ಗೆರೆ ಒಣಗಿದ ಬಂಡೆಯ ಮೇಲೆ ಹಾಗೇ ಉಳಿದಿತ್ತು, ನೀರು ಒಂದೂವರೆ ಗೇಣು ಕೆಳಗೆ. ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ನಿನ್ನೆ ಗಾಡಿ ಇಳಿಯಬೇಕಿದ್ದ ಜಾಗದಲ್ಲಿಯೇ ಸೊಂಟದಷ್ಟು ಆಳದ ಗುಂಡಿ. ಶಾಬುದ್ದೀನರು ಅದರೊಳಗೆ ಅಕ್ಕಾರ ಕೋಲು ಇಳಿಸಿ ನೋಡಿದರು. ಆಮೇಲೆ ಪ್ಯಾಂಟು ಮಡಚಿ ನೀರಿಗಿಳಿದು, ಎಡಕ್ಕೆ ಬೇರೆ ಜಾಡು ಹುಡುಕಿ, ಗಾಲಿ ಹೋಗುವಲ್ಲಿ ಚಪ್ಪಟೆ ಕಲ್ಲು ಜೋಡಿಸತೊಡಗಿದರು. ಏಕನಾಥರು ದಂಡೆಯಿಂದ ಕಲ್ಲು ಎತ್ತಿ ಕೊಟ್ಟರು. ಗಾಡಿ ಒಂದೇ ಗೇರಿನಲ್ಲಿ, ಎಲ್ಲೂ ನಿಲ್ಲದೆ ಆಚೆ ದಂಡೆ ಹತ್ತಿತು.

"ಪಾಠ ಖರೇ ಐತ್ರಿ," ಎಂದರು ಶಾಬುದ್ದೀನರು ಆಚೆ ಹೋಗಿ. ಅಕ್ಕಾರಿಗೆ ಆ ಕ್ಷಣ ಆದ ಸಂತೋಷ ನಿವೃತ್ತಿಯ ದಿನದ ಶಾಲು ಹಾರಗಳಿಂದಲೂ ಆಗಿರಲಿಲ್ಲ.

ಈಗ ಅವರ ಊಟದ ಮೇಜಿನ ಮೇಲೆ ಹಿಮಾಲಯದ ಇನ್ನೊಂದು ಕಣಿವೆ, ಝಂಸ್ಕರದ ನಕ್ಷೆ ಹರಡಿದೆ. ಹೋದ ವಾರ ಶಾಬುದ್ದೀನರ ಹೆಂಡತಿ ಅಬೀದಾ ಫೋನ್ ಮಾಡಿ, ಈ ಸಲ ತಾವೂ ಬರಬಹುದೇ ಎಂದು ಸಂಕೋಚದಿಂದಲೇ ಕೇಳಿದರು. ಅಕ್ಕಾರು ಅವರ ಮೊಳಕಾಲು, ಬಿ.ಪಿ., ನಿದ್ದೆ ಎಲ್ಲ ವಿಚಾರಿಸಿಕೊಂಡರು. ಈಗಿನಿಂದಲೇ ದಿನಾ ಬೆಳಿಗ್ಗೆ ಒಂದು ತಾಸು ನಡೆಯಲು ಹೇಳಿ, ಹಾಳೆಯಲ್ಲಿ ನಾಲ್ಕನೆಯ ಹೆಸರು ಬರೆದರು.