ದಾನೇಶ್ವರಿಯ ಚೀಲ

ಯಾದಗಿರಿ ಕಡೆ ಗರ್ಭಕೋಶಕ್ಕೆ ಚೀಲ ಅನ್ನುತ್ತಾರೆ. ದಾನೇಶ್ವರಿಯ ಅತ್ತೆ ಮಲ್ಲಕ್ಕ ಚೀಲ ತೆಗೆಸಿಕೊಂಡವಳು, ನಾದಿನಿಯೂ ಅಷ್ಟೇ. ಸೊಸೆಗೆ ಎರಡು ಸಲ ಗರ್ಭಪಾತವಾಗಿ, ಮುಟ್ಟು ಬಂದರೆ ನಿಲ್ಲದೆ ಹರಿಯತೊಡಗಿದ ಮೇಲೆ ಮಲ್ಲಕ್ಕ ಊರಿನಿಂದ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: “ಕಿರಿಕಿರಿ ಯಾಕ, ತೆಗಿಸಿ ಒಗಿ.” ಮೂವತ್ತು ತುಂಬದ ದಾನೇಶ್ವರಿ ಮೊದಮೊದಲು ಅಳುತ್ತಿದ್ದಳು. ಈಗ ಹೂಂ ಅನ್ನುತ್ತಿದ್ದಳು. ಮುಂಬಯಿಯ ಭಾಂಡುಪಿನಲ್ಲಿ ತಾವಿದ್ದ ಚಾಳಿನ ನಲ್ಲಿಗೆ ಪಾಳಿ ನಿಂತ ಹಾಗೆ, ಅದಕ್ಕೂ ಪಾಳಿ ಬಂದಾಗ ಬರಲಿ ಎಂದು ಸುಮ್ಮನಿದ್ದಳು.

ತೆಗೆಯುವ ಮುಂಚೆ ಒಮ್ಮೆ ನೋಡೋಣ ಎಂದವರು ದೊಡ್ಡಾಸ್ಪತ್ರೆಯ ಕನ್ನಡ ಬಲ್ಲ ಡಾಕ್ಟರ್ ವಿಭಾ. ಗರ್ಭಕೋಶದ ಸ್ನಾಯು ಹೇಗೆ ಅಲುಗಾಡುತ್ತದೆ ಎಂಬುದನ್ನು ಅವರು ಎಂಆರ್‌ಐ ಚಿತ್ರಗಳಿಂದ, ಕಂಪ್ಯೂಟರಿನ ಸಹಾಯದಿಂದ ಅಧ್ಯಯನ ಮಾಡುತ್ತಿದ್ದರು.

ಸ್ಕ್ಯಾನಿನ ದಿನ ಗಂಡ ಕಾಶಿನಾಥ ಹೊರಗೆ ಕೂತ. ಬಾಗಿಲಲ್ಲಿದ್ದ ಟೆಕ್ನಿಷಿಯನ್ ರಾಜೀವಿ ಮಂಗಳೂರಿನವರು. ದಾನೇಶ್ವರಿಯ ಹಿಂದಿ ಕೇಳಿದವರೇ ಕನ್ನಡಕ್ಕೆ ಹೊರಳಿದರು.

“ಚೀಲ ತೆಗೀಬೇಕು ಮಾರಾಯ್ತಿ.”

“ಈಗೇನ್ರಿ?”

“ಮತ್ತೆ ಯಾವಾಗ? ಹಾಗೇ ಒಳಗೆ ಹೋದ್ರೆ ಮಿಷಿನ್ ಎಳೀತದೆ.”

“ಭಾಳ ನೋಯ್ತದೇನ್ರಿ?”

“ಚೀಲ ತೆಗೆದ್ರೆ ಎಂಥ ನೋವು!”

“ಹಂಗಾರ ತೆಗೀರಿ.”

ದಾನೇಶ್ವರಿ ಅಲ್ಲಿದ್ದ ಬೆಂಚಿನ ಮೇಲೆ ಮಲಗಿ, ಸೆರಗು ಸರಿಸಿ, ಕಣ್ಣು ಮುಚ್ಚಿದಳು. ರಾಜೀವಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ನಗಲು ಹೋದವರು ತಡೆದುಕೊಂಡರು.

“ಏಳು, ಏಳು. ನಾನು ಹೇಳಿದ್ದು ಹೆಗಲಿನ ಚೀಲ. ಅದರಲ್ಲಿ ಸ್ಟೀಲಿನ ಡಬ್ಬಿ ಉಂಟಲ್ಲ, ಮಿಷಿನ್ ಅಂದ್ರೆ ದೊಡ್ಡ ಅಯಸ್ಕಾಂತ!”

ದಾನೇಶ್ವರಿ ಎದ್ದು ಬಟ್ಟೆಚೀಲ ಕೊಟ್ಟಳು. ನಾಚಿಕೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಮುಂದಿನ ವಾರ ವಿಭಾ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಪರದೆ ತಿರುಗಿಸಿದರು. ಪೇರಲಹಣ್ಣಿನ ಆಕಾರದ ಬೂದು ಚಿತ್ರ. ಸಾಲಾಗಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿ ಬೇಗ ಓಡಿಸಿದಾಗ ಒಳಗೆ ಸಣ್ಣ ಅಲೆ ಏಳುತ್ತಿತ್ತು. ಅಲುಗಾಡಿದ ಕಡೆಗೆಲ್ಲ ಬಣ್ಣ.

“ಈ ಮೂಲೆ ಬಿಗಿದುಕೊಂಡಿದೆ, ನೋಡಿ. ಉಳಿದದ್ದು ಚೆನ್ನಾಗೇ ಕೆಲಸ ಮಾಡ್ತಿದೆ. ಮಾತ್ರೆ ಕೊಟ್ಟು ನೋಡಬಹುದು. ಮಗು ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ತೆಗೆಸಲೇಬೇಕು ಅಂತಲೂ ಇಲ್ಲ. ಏನು ಮಾಡೋಣ?”

“ಅವ್ವಗ ಒಂದ್ ಫೋನ್ ಹಚ್ತೀನ್ರಿ,” ಎಂದ ಕಾಶಿನಾಥ.

“ಚೀಲ ನಿಮ್ಮವ್ವಂದಲ್ಲ ರೀ, ಇವರದು,” ಎಂದು ವಿಭಾ ದಾನೇಶ್ವರಿಯ ಕಡೆ ತಿರುಗಿದರು.

ದಾನೇಶ್ವರಿ ಪರದೆ ನೋಡುತ್ತಿದ್ದಳು. ಯಂತ್ರದೊಳಗೆ ತಾನು ಕದಲದೆ ಬಿದ್ದಿದ್ದಾಗ ಅದು ತನ್ನ ಪಾಡಿಗೆ ಆಡುತ್ತಿತ್ತು. ಏನಾದರೂ ಅನ್ನಿಸೀತು ಎಂದು ಕಾದಳು. ಅನ್ನಿಸಲಿಲ್ಲ.

“ಇರ್ಲಿ,” ಎಂದಳು.

“ಇರಲಿ ಅಂದ್ರೆ? ಹೋಗಲಿ ಬಿಡಿ ಅಂತನಾ?”

“ಇರ್ಲಿ ಅಂದ್ರ ಇರ್ಲಿ ರೀ. ತೆಗೀಬ್ಯಾಡ್ರಿ.”

ಕಾಶಿನಾಥ ಅರ್ಧ ಒತ್ತಿದ್ದ ನಂಬರು ಅಳಿಸಿ ಫೋನು ಜೇಬಿಗಿಟ್ಟ.